ಕಲ್ಲಪ್ಪನ ಮುಖಕ್ಕೆ ಸುಣ್ಣ

ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟಿಗಾಗಿ ಈ ವಯಸ್ಸಿನಲ್ಲೂ ನಾನು ಮೊಮ್ಮಕ್ಕಳ ಜೊತೆ ಜಗಳಕ್ಕೆ ನಿಲ್ಲುತ್ತೇನೆ. ಗಾಳಿಗಾಗಿ ಅಲ್ಲ, ಹೊಲಗದ್ದೆ ನೋಡುವುದಕ್ಕೂ ಅಲ್ಲ. ರಸ್ತೆ ಬದಿಯ ಕಲ್ಲು ಓದುವುದಕ್ಕೆ. ಮೈಲಿಗಲ್ಲು, ಗಡಿಗಲ್ಲು, ದಾರಿಹೋಕರು ತಲೆಹೊರೆ ಇಳಿಸಲಿ ಎಂದು ಯಾವನೋ ಪುಣ್ಯಾತ್ಮ ನೆಟ್ಟ ಹೊರೆಗಲ್ಲು, ಒಂದನ್ನೂ ಬಿಡುವವನಲ್ಲ ನಾನು. ಮನಸ್ಸಿನಲ್ಲೇ ಓದಿಕೊಂಡರೆ ಯಾರಿಗೂ ತೊಂದರೆಯಿಲ್ಲ, ಆದರೆ ನಾನು ಗಟ್ಟಿಯಾಗಿ ಓದುತ್ತೇನೆ. “ಹರಿಹರ ಏಳು” ಎಂದು ನಾನು ಸಾರಿದಾಗ ಮುಂದಿನ ಸೀಟಿನವರು ತಿರುಗಿ ನೋಡುತ್ತಾರೆ, ಪಕ್ಕದಲ್ಲಿರುವ ನನ್ನ ಹೆಂಡತಿ ನನ್ನ ಪರಿಚಯವೇ ಇಲ್ಲದವಳ ಹಾಗೆ ಸೆರಗು ಸರಿಮಾಡಿಕೊಳ್ಳುತ್ತಾಳೆ. “ನೀವು ಹೇಳದಿದ್ರೂ ಬಸ್ಸು ಹರಿಹರಕ್ಕೇ ಹೋಗ್ತೈತ್ರಿ, ಡ್ರೈವರಿಗೆ ದಾರಿ ಗೊತ್ತೈತೆ” ಎಂದು ಅವಳೊಮ್ಮೆ ಹೇಳಿದ ಮೇಲೆ ಸ್ವಲ್ಪ ಮೆತ್ತಗೆ ಓದುತ್ತಿದ್ದೇನೆ.

ಈ ಚಟ ಹತ್ತಿಸಿದವರು ನಮ್ಮಪ್ಪ. ಅವರು ದಾವಣಗೆರೆಯ ಹತ್ತಿ ಗಿರಣಿಯಲ್ಲಿ ಕೆಲಸಕ್ಕಿದ್ದರು. ಹರಿಹರದಲ್ಲಿ ನಮ್ಮ ಸೋದರತ್ತೆಯ ಮನೆ. ಗಿರಣಿಗೆ ರಜೆ ಬಂದ ದಿನ ಬೆಳಗ್ಗೆಯೇ ನನ್ನ ಕೈ ಹಿಡಿದು ನಡೆಸಿಕೊಂಡು ಹೊರಟುಬಿಡುತ್ತಿದ್ದರು. ಬಸ್ಸು ಹತ್ತಿದರೆ ಹೊಟ್ಟೆ ತೊಳಸುತ್ತದೆ ಎಂಬುದು ಅವರು ಹೇಳುತ್ತಿದ್ದ ಕಾರಣ. ನಿಜವಾದ ಕಾರಣವೆಂದರೆ ಪ್ರತಿ ಮೈಲಿಗಲ್ಲಿನ ಮೇಲೂ ಒಂದು ಕ್ಷಣ ಕುಳಿತು ಎಲೆಯಡಿಕೆ ಹಾಕಿಕೊಳ್ಳುವ ಸುಖ ಬಸ್ಸಿನಲ್ಲಿ ಇರಲಿಲ್ಲ. ಅವರು ಸುಣ್ಣದ ಡಬ್ಬಿ ತೆಗೆಯುವಷ್ಟರಲ್ಲಿ ನಾನು ಕಲ್ಲಿನ ಅಂಕಿ ಓದಿ ಹೇಳಬೇಕು. ಒಂಬತ್ತು, ಎಂಟು, ಏಳು ಎಂದು ಇಳಿಯುತ್ತಾ ಹೋಗುವುದರಿಂದ ನನಗೆ ಲೆಕ್ಕ ಮೊದಲು ಬಂದದ್ದು ಹಿಂದುಮುಂದಾಗಿ. ಶಾಲೆಯಲ್ಲಿ ಮೇಷ್ಟರು “ಒಂದರಿಂದ ಹೇಳೋ” ಎಂದರೆ ನಾನು ತಡವರಿಸುತ್ತಿದ್ದೆ.

ಹರಿಹರ ಮುಟ್ಟಿದರೆ ಇನ್ನೊಂದು ಸಂಭ್ರಮ. ಆಗಿನ್ನೂ ರಾಜ್ಯ ಒಂದಾಗಿರಲಿಲ್ಲ. ತುಂಗಭದ್ರೆಯ ಈ ದಡ ಮೈಸೂರು, ಆ ದಡ ಬೊಂಬಾಯಿ. ಸೇತುವೆಯ ಮೇಲೆ ಗಡಿ ಎಲ್ಲಿ ಬರುತ್ತದೆಂದು ಯಾರಿಗೂ ಸರಿಯಾಗಿ ಗೊತ್ತಿಲ್ಲದ್ದರಿಂದ ನಾನೂ ಅತ್ತೆಯ ಮಕ್ಕಳೂ ಸೇರಿ ನಾವೇ ಇದ್ದಿಲಲ್ಲಿ ಒಂದು ಗೆರೆ ಎಳೆದಿದ್ದೆವು. ಅದರ ಆಚೆಗೊಂದು ಈಚೆಗೊಂದು ಕಾಲಿಟ್ಟು, ಎರಡು ಸರ್ಕಾರಗಳನ್ನು ಏಕಕಾಲಕ್ಕೆ ತುಳಿದು ನಿಲ್ಲುವುದು ನಮ್ಮ ದೊಡ್ಡ ಪರಾಕ್ರಮ. ಮನೆಗೆ ಬಂದು ಕೊಚ್ಚಿಕೊಂಡರೆ ಅತ್ತೆ ತಟ್ಟೆ ಹಾಕುತ್ತಾ, “ಎರಡೂ ಕಾಲು ಮನಿಯಾಗೆ ಇರ್ಲಿ, ರೊಟ್ಟಿ ಆರ್ತಾವೆ” ಎನ್ನುತ್ತಿದ್ದಳು. ಸಂಜೆ ಹರಿಹರೇಶ್ವರನ ಗುಡಿಯಂಗಳದಲ್ಲಿ, ನಮ್ಮ ಎರಡರಷ್ಟು ಎತ್ತರದ ಶಾಸನಗಳ ಹಿಂದೆ ಕಣ್ಣಾಮುಚ್ಚಾಲೆ. ಅಲ್ಲಿಗೆ ದಿನವೂ ಬರುತ್ತಿದ್ದ ಊರಿನ ಕನ್ನಡ ಪಂಡಿತರು, “ಕಲ್ಲಿಗೆ ಬೆನ್ನು ಉಜ್ಜಬೇಡ್ರೋ, ಅಕ್ಷರ ಸವೆದು ಹೋಗ್ತಾವೆ” ಎಂದು ಕೊಡೆ ಎತ್ತಿಕೊಂಡು ಓಡಿಸುತ್ತಿದ್ದರು. ಮಳೆಗೆ ಸವೆಯದ ಕಲ್ಲು ನಮ್ಮ ಬೆನ್ನಿಗೆ ಸವೆಯುತ್ತದೆಯೇ ಎಂದು ನಾವು ನಗುತ್ತಿದ್ದೆವು.

ಇಂಥವನಿಗೆ ಮುಂದೆ ರಸ್ತೆ ಇಲಾಖೆಯಲ್ಲೇ ಕೆಲಸ ಸಿಕ್ಕಿತು ಎಂದರೆ ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ರಾಜ್ಯ ಒಂದಾಗಿ ಐದಾರು ವರ್ಷವಾಗಿತ್ತು. ಹಂಗಾಮಿ ಕೆಲಸ, ಮೇಲಿನವರಿಗೆ ಮೆಚ್ಚಿಗೆಯಾದರೆ ಕಾಯಂ, ಇಲ್ಲದಿದ್ದರೆ ಮನೆಗೆ. ಒಂದು ಸೈಕಲ್ಲು, ಒಂದು ಅಳತೆಯ ಟೇಪು, ಒಂದು ರಿಜಿಸ್ಟರು, ತಲೆಯ ಮೇಲೊಂದು ಹ್ಯಾಟು. ಹ್ಯಾಟನ್ನು ಇಲಾಖೆ ಕೊಟ್ಟದ್ದಲ್ಲ, ನಾನೇ ಕೊಂಡದ್ದು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ಮೋಡ ಕವಿದಿದ್ದರೂ ನಾನು ಹ್ಯಾಟು ತೆಗೆಯುತ್ತಿರಲಿಲ್ಲ.

ಆಗ ಮೈಲಿ ಹೋಗಿ ಕಿಲೋಮೀಟರು ಬರುತ್ತದೆಂಬ ಸುದ್ದಿ ಹಬ್ಬಿತ್ತು. ಒಂಬತ್ತು ಮೈಲಿಯ ಹರಿಹರ ಇನ್ನು ಮೇಲೆ ಹದಿನಾಲ್ಕಾಗುತ್ತದೆ ಎಂದು ನಾನು ಮಂಡಕ್ಕಿ ಅಂಗಡಿಯ ಬೆಂಚಿನ ಮೇಲೆ ಕುಳಿತು ಅಧಿಕಾರವಾಣಿಯಿಂದ ಹೇಳಿದಾಗ, ಪಕ್ಕದಲ್ಲಿದ್ದ ಗಾಡಿಯವನೊಬ್ಬ ಬಹಳ ಹೊತ್ತು ಯೋಚಿಸಿ, “ಸರ್ಕಾರದೋರು ಏನ್ ಬೇಕಾರ ಮಾಡ್ಲಿ. ನಮ್ಮೆತ್ತು ಮುದಿಯಾಗ್ಯಾವೆ, ಅಷ್ಟು ದೂರ ನಡ್ಯಂಗಿಲ್ಲ” ಎಂದಿದ್ದ.

ಅಂಥ ದಿನಗಳಲ್ಲಿ ದೊಡ್ಡ ಸಾಹೇಬರು ಸೋಮವಾರ ರಸ್ತೆ ನೋಡಲು ಬರುತ್ತಾರೆಂದು ಕಾಗದ ಬಂತು. ಸಾಹೇಬರು ಬರುತ್ತಾರೆಂದರೆ ರಸ್ತೆಗೆ ಮದುವಣಗಿತ್ತಿಯ ಕಳೆ. ಗುಂಡಿಗೆ ಮಣ್ಣು, ಮರದ ಬುಡಕ್ಕೆ ಕೆಮ್ಮಣ್ಣು, ಕಲ್ಲಿಗೆ ಸುಣ್ಣ. ಸುಣ್ಣ ಬಳಿಯಲು ಚಿತ್ರದುರ್ಗದ ಕಡೆಯಿಂದ ಒಂದು ಗ್ಯಾಂಗು ಬಂದಿತ್ತು. ಸುಣ್ಣ ಒಣಗಿದ ಮೇಲೆ ಅಂಕಿ ಬರೆಯುವವರು ಖಾದರ್ ಸಾಬರು. ದಾವಣಗೆರೆ ಪೇಟೆಯ ಅರ್ಧ ಅಂಗಡಿಗಳ ಹಲಗೆ ಅವರ ಕೈಯವೇ. ಮನೆಯಲ್ಲಿ ಉರ್ದು, ಪೇಟೆಯಲ್ಲಿ ಕನ್ನಡ, ಕುಂಚ ಹಿಡಿದರೆ ಮೌನ. ಅಂಕಿಯ ಹೊಟ್ಟೆ ಸರಿಯಾಗಿ ದುಂಡಗೆ ಬರುವ ತನಕ ಉಸಿರೇ ಬಿಡುತ್ತಿರಲಿಲ್ಲ. ನಮ್ಮಪ್ಪನ ವಯಸ್ಸಿನವರು, ಆದರೂ ಹ್ಯಾಟಿಗೆ ಮರ್ಯಾದೆ ಕೊಟ್ಟು ನನ್ನನ್ನು “ಸಾರ್” ಎನ್ನುತ್ತಿದ್ದರು.

ಗುರುವಾರ ಸಂಜೆ ನಾನು ರಿಜಿಸ್ಟರು ಹಿಡಿದು ಕಲ್ಲುಗಳನ್ನು ತಾಳೆ ನೋಡುತ್ತಾ ಬಂದೆ. ಹರಿಹರಕ್ಕೆ ಐದು ಮೈಲಿ ಉಳಿಯುವ ಕಡೆ ಕಲ್ಲೇ ಇಲ್ಲ. ಅದಿದ್ದ ಜಾಗದಲ್ಲಿ ಒಂದು ಗುಂಡಿ, ಗುಂಡಿಯೊಳಗೆ ತುಂಬೆ ಗಿಡ. ಕಾಯಂ ಆಗುವ ನನ್ನ ಕನಸು ಆ ಗುಂಡಿಯಲ್ಲಿ ಬಿದ್ದ ಹಾಗಾಯಿತು. ಗ್ಯಾಂಗಿನವರನ್ನು ಕರೆದು, “ಅದೇನು ಮಾಡ್ತೀರೋ ಗೊತ್ತಿಲ್ಲ, ನಾಳೆ ನಾನು ಬರೋದ್ರಾಗೆ ಇಲ್ಲೊಂದು ಬೆಳ್ಳಗಿನ ಕಲ್ಲು ನಿಂತಿರಬೇಕು” ಎಂದು ಗುಡುಗಿದೆ. ನಿಂತು ನೋಡಿಕೊಳ್ಳಬೇಕಾದವನು ನಾನು. ಆದರೆ ಪೇಟೆಯಲ್ಲಿ ಆ ಹೊತ್ತಿಗೆ ಬಾಣಲೆಯಿಂದ ಮೆಣಸಿನಕಾಯಿ ಬಜ್ಜಿ ಇಳಿಯುತ್ತದೆ, ತಡವಾದರೆ ತಣ್ಣಗಾಗುತ್ತದೆ. ಸೈಕಲ್ ಏರಿ ಹೊರಟುಬಿಟ್ಟೆ.

ಮಾರನೆಯ ದಿನ ದೂರದಿಂದಲೇ ಬೆಳ್ಳಗಿನ ಕಲ್ಲು ಕಾಣಿಸಿತು. ಮೇಲೆ ಸಾಬರ ಕೈಯ ಚೆಂದದ ಅಕ್ಷರ, ‘ಹರಿಹರ ೫’. ಭೇಷ್ ಎಂದುಕೊಂಡೆ. ಹತ್ತಿರ ಬಂದಾಗ ಕಲ್ಲಿನ ಸುತ್ತ ಹತ್ತಿಪ್ಪತ್ತು ಜನ ನಿಂತಿರುವುದು ಕಂಡಿತು. ಸುಣ್ಣದ ಪೊರಕೆ ಹಿಡಿದಿದ್ದ ಗ್ಯಾಂಗಿನವರು ಆಗಲೇ ಊರು ಬಿಟ್ಟಾಗಿತ್ತು. ಖಾದರ್ ಸಾಬರು ಮಾತ್ರ ತಲೆ ತಗ್ಗಿಸಿ ನಿಂತಿದ್ದರು. ಕಲ್ಲಿನ ಮುಂದೆ ಕುಳಿತಿದ್ದ ಒಬ್ಬ ಮುದುಕಿ ನನ್ನ ಹ್ಯಾಟು ನೋಡಿದ್ದೇ ಎದ್ದು ಬಂದಳು.

“ನಿಮ್ಮಪ್ಪನ ಮಖಕ್ಕೆ ಯಾರಾರ ಸುಣ್ಣ ಬಳದ್ರೆ ನೀ ಸುಮ್ಕಿರ್ತೀಯೇನಪ್ಪ?” ಎಂದಳು.

ಆಮೇಲೆ ತಿಳಿಯಿತು, ಅದು ಮೈಲಿಗಲ್ಲಲ್ಲ, ವೀರಗಲ್ಲು. ಯಾವುದೋ ಕಾಲದಲ್ಲಿ ಊರಿನ ದನ ಹೊಡೆದುಕೊಂಡು ಹೋಗಲು ಬಂದವರ ಜೊತೆ ಕಾದಾಡಿ ಸತ್ತವನ ನೆನಪಿಗೆ ನಿಲ್ಲಿಸಿದ್ದು. ರಸ್ತೆಗೆ ಬೆನ್ನು ಹಾಕಿ, ಹೊಲದ ಕಡೆ ಮುಖ ಮಾಡಿ, ಬೇವಿನ ಮರದ ಕೆಳಗೆ ನಿಂತಿತ್ತು. ಊರಿನ ಪರಿಚಯವಿಲ್ಲದ ಗ್ಯಾಂಗಿನವರು ಹತ್ತು ಹೆಜ್ಜೆ ದೂರದಲ್ಲಿ ಆಗಲೇ ನಿಂತಿರುವ ಕಲ್ಲು ಕಂಡು, ಹೊಸದು ಯಾಕೆ ಹೊರುವುದೆಂದು ನಾಲ್ಕೂ ಕಡೆ ಎರಡೆರಡು ಸಲ ಬಳಿದುಬಿಟ್ಟಿದ್ದರು. ಸಾಬರು ಬರುವ ಹೊತ್ತಿಗೆ ಅದು ಬರಿ ಬಿಳಿ ಕಲ್ಲು. ರಸ್ತೆ ಕಡೆಯ ಬೆನ್ನಿನ ಮೇಲೆ ಅಂಕಿ ಬರೆದುಬಿಟ್ಟಿದ್ದರು.

ಊರಿನವರ ಬಾಯಲ್ಲಿ ಅವನು ಕಲ್ಲಪ್ಪ. ಮುದುಕಿಯ ಹೆಸರು ನೀಲಜ್ಜಿ. ಅವಳ ಮನೆಯನ್ನು ಕಲ್ಲಪ್ಪನ ಮನೆ ಎನ್ನುತ್ತಿದ್ದರು. ಅವನು ಆ ವಂಶದ ಹಿರಿಯ ಎಂದು ತಲೆತಲಾಂತರದ ನಂಬಿಕೆ. ಆ ಮನೆಯ ಹೆಣ್ಣುಮಕ್ಕಳು ಗಂಡನ ಮನೆಗೆ ಹೊರಡುವಾಗ ಕಲ್ಲಪ್ಪನಿಗೆ ಹಾಲು ಹೊಯ್ದು, ಅವನ ಪಾದಕ್ಕೆ ಹಣೆ ಮುಟ್ಟಿಸಿ, ಮುಖ ನೋಡಿ ಹೇಳಿಯೇ ಹೋಗಬೇಕು. ಬರುವ ಗುರುವಾರ ಅಜ್ಜಿಯ ಮೊಮ್ಮಗಳು ಗೌರಿಯ ಮದುವೆ. ತಾಯಿಯಿಲ್ಲದ ಹುಡುಗಿ, ಅಜ್ಜಿಯೇ ಸಾಕಿದ್ದು. ಗಂಡು ಹೊಳೆಯಾಚೆ ರಾಣೆಬೆನ್ನೂರಿನ ಕಡೆಯವನು.

“ಕಲ್ಲಪ್ಪನ ಮಖ ಕಾಣೋ ತನ ಹುಡುಗೀನ ಕಳ್ಸಂಗಿಲ್ಲ. ಬೀಗರಿಗೆ ಹೇಳಿ ಕಳಿಸ್ತೀನಿ, ಮದುವಿ ನಿಂತು ಹೋತು, ಹ್ಯಾಟಿನ ಸಾಹೇಬ್ರು ನಿಲ್ಲಿಸಿದ್ರು ಅಂತ” ಎಂದಳು ಅಜ್ಜಿ.

ತಲೆಮಾರುಗಳಿಂದ ಎಣ್ಣೆ, ಅರಿಸಿನ ಮೆತ್ತಿ ಮೆತ್ತಿ ಗಟ್ಟಿಯಾಗಿದ್ದ ಆ ಕಲ್ಲಿನ ಮುಂಭಾಗವನ್ನು ನಾನು ನೋಡಿದೆ. ಸುಣ್ಣದ ಕೆಳಗೆ ಎಲ್ಲವೂ ಒಂದು ಗಂಟಾಗಿ ಕಾಣುತ್ತಿತ್ತು. “ಅಜ್ಜಿ, ಮೊದಲಾದ್ರೂ ಮುಖ ಕಾಣ್ತಿತ್ತಾ?” ಎಂದು ಕೇಳಿದೆ. ಆ ವಯಸ್ಸಿನಲ್ಲಿ ಎಲ್ಲಿ ಬಾಯಿ ಮುಚ್ಚಿಕೊಂಡಿರಬೇಕು ಎಂಬುದು ಗೊತ್ತಾಗುವುದಿಲ್ಲ.

“ನಿನಗೆ ಕಾಣ್ತಿರ್ಲಿಲ್ಲ, ನನಗೆ ಕಾಣ್ತಿತ್ತು” ಎಂದಳು.

ಗೌರಿ ಬೇವಿನ ಮರಕ್ಕೆ ಒರಗಿ ನಿಂತಿದ್ದಳು. “ಹೋಗ್ಲಿ ಬಿಡಜ್ಜಿ, ಕಳಿಸ್ದಿದ್ರೆ ಬ್ಯಾಡ” ಎಂದಳು ಮೆಲ್ಲಗೆ. ಹೊಳೆಯಾಚೆ ಹೋಗಲು ಹುಡುಗಿಗೆ ಭಯ. ಕಳಿಸಲು ಅಜ್ಜಿಗೆ ಸಂಕಟ. ಸುಣ್ಣವು ಅವರಿಬ್ಬರಿಗೂ ಒಂದು ನೆವವಾಗಿ ಒದಗಿತ್ತು ಎಂಬುದು ನನಗೆ ಈಗ ಅರ್ಥವಾಗುತ್ತದೆ. ಆಗ ನನಗೆ ಕಂಡದ್ದು ಒಂದೇ: ನನ್ನ ಬಜ್ಜಿಯ ಆಸೆಗೆ ಒಂದು ಹೆಣ್ಣಿನ ಮದುವೆ ನಿಲ್ಲುತ್ತದೆ. ನಾನು ಹ್ಯಾಟು ತೆಗೆದು ಕೈಯಲ್ಲಿ ಹಿಡಿದುಕೊಂಡೆ.

ಸುಣ್ಣ ಕೆರೆಯಲು ಉಳಿ ತರಿಸುತ್ತೇನೆ ಎಂದೆ. ಖಾದರ್ ಸಾಬರು ಅಡ್ಡ ಬಂದರು. “ಉಳಿ ಬ್ಯಾಡ ಸಾರ್, ಮೂಗು ಹಾರಿ ಹೋಗ್ತೈತೆ. ಸುಣ್ಣಕ್ಕೆ ಹುಳಿ ಬೇಕು. ಹಳೇ ಹಲಗೆ ತೊಳಿಯೋವಾಗ ನಾವು ಹುಳಿ ಮಜ್ಜಿಗೇನೇ ಹಾಕೋದು.” ಬೆಣ್ಣೆಗೆ ಹೆಸರಾದ ಸೀಮೆಯಲ್ಲಿ ಮಜ್ಜಿಗೆಗೆ ಬರವೇ? ಬೆಣ್ಣೆ ದಾವಣಗೆರೆಯ ದೋಸೆಗೆ ಹೋದರೆ ಮಜ್ಜಿಗೆ ಊರಲ್ಲೇ ಉಳಿಯುತ್ತಿತ್ತು. ಮನೆಮನೆಯಿಂದ ಮೂರು ದಿನದ ಹುಳಿ ಮಜ್ಜಿಗೆ ಗಡಿಗೆಗಳಲ್ಲಿ ಬಂತು. ಗೋಣಿತಾಟನ್ನು ಅದರಲ್ಲಿ ಅದ್ದಿ ಕಲ್ಲಪ್ಪನಿಗೆ ಸುತ್ತಿ, ಒಣಗಿದ ಹಾಗೆಲ್ಲ ಮತ್ತೆ ಮತ್ತೆ ಹೊಯ್ದರು. ಸಂಜೆಗೆ ಬಿಚ್ಚಿ ಸೀಗೆಪುಡಿ ಹಾಕಿ ತೆಂಗಿನ ನಾರಿನಿಂದ ಉಜ್ಜಿದರು. ಎಣ್ಣೆನೀರು ಹಾಕುವಾಗ ಮಕ್ಕಳನ್ನು ಗದರಿಸುವ ಹಾಗೆ ಅಜ್ಜಿ ಕಲ್ಲನ್ನು ಗದರಿಸುತ್ತಿದ್ದಳು. ಮುಖದ ಹತ್ತಿರ ಬಂದಾಗ ಎಲ್ಲರನ್ನೂ ಹಿಂದೆ ಸರಿಸಿ, “ಸಾಬಣ್ಣ, ನೀ ಬಾ, ನಿನ್ನ ಕೈ ಹಗೂರ” ಎಂದು ಖಾದರ್ ಸಾಬರನ್ನು ಕರೆದಳು. ನಾನೂ ಹೋದೆ. “ನೀ ದೂರ ಕೂಡು” ಎಂದಳು. ಕುಳಿತೆ.

ನನ್ನ ಪಾಲಿಗೆ ಬಂದ ಕೆಲಸ ಗಡಿಗೆ ಹೊರುವುದು. ಶನಿವಾರ ಖಾಲಿ ಗಡಿಗೆ ಇಡಲು ಅಜ್ಜಿಯ ಹಿತ್ತಲಿಗೆ ಹೋದಾಗ, ಬಟ್ಟೆ ಒಗೆಯುವ ಕಲ್ಲು ಯಾಕೋ ಬಹಳ ಪರಿಚಯವೆನಿಸಿತು. ತಲೆ ಗುಂಡಗೆ, ಅಂಚು ನಯ. ಬಗ್ಗಿ ನೋಡಿದರೆ ಸಾಬೂನು ನೊರೆಯ ನಡುವೆ ಮಸುಕಾಗಿ ನಮ್ಮ ಐದು.

“ಅಜ್ಜಿ, ಇದು ಎಲ್ಲಿಂದ ಬಂತು?”

“ಅದಾ? ನಮ್ಮ ಯಜಮಾನ್ರು ಇದ್ದಾಗ ತಂದದ್ದು. ರಸ್ತೆ ಬದೀಗೆ ಸುಮ್ನೆ ನಿಂತಿತ್ತಂತೆ” ಎಂದ ಅಜ್ಜಿ, ನನ್ನ ಮುಖ ನೋಡಿ ವಿಷಯ ತಿಳಿದುಕೊಂಡಳು. ಸರ್ಕಾರದ ಕಲ್ಲು ಅವರ ಹಿತ್ತಲಲ್ಲಿ, ಅವರ ಕಲ್ಲು ಸರ್ಕಾರದ ರಿಜಿಸ್ಟರಿನಲ್ಲಿ. ಕೊನೆಗೆ ಅಜ್ಜಿಯೇ, “ತಗೊಂಡು ಹೋಗಪ್ಪ. ಮದುವಿ ಬಟ್ಟಿ ಒಗದಾತು” ಎಂದಳು. ಅವಳು ನಕ್ಕದ್ದನ್ನು ನಾನು ಮೊದಲ ಸಲ ನೋಡಿದ್ದು ಆಗಲೇ.

ಭಾನುವಾರ ಆ ಕಲ್ಲನ್ನು ಅದರ ಗುಂಡಿಯಲ್ಲೇ ನೆಟ್ಟು ಸುಣ್ಣ ಬಳಿದೆವು. ಈ ಸಲ ಪೊರಕೆ ಹಿಡಿದವನು ನಾನೇ. ಸೋಮವಾರ ಸಾಹೇಬರ ಜೀಪು ಬಂತು. ನಾನು ಐದನೆಯ ಮೈಲಿಯ ಪಕ್ಕ ಅಟೆನ್ಷನ್ನಿನಲ್ಲಿ ನಿಂತೆ. ಜೀಪು ನಿಲ್ಲದೆ ಹೋಯಿತು. ಒಳಗೆ ಸಾಹೇಬರು ಕತ್ತು ವಾಲಿಸಿ ಒಳ್ಳೆಯ ನಿದ್ದೆಯಲ್ಲಿದ್ದರು. ಮುಂದೆ ನಾನು ಕಾಯಂ ಆದೆ, ಅದು ಬೇರೆ ವಿಷಯ.

ಕಲ್ಲಪ್ಪ ಮಂಗಳವಾರದ ಹೊತ್ತಿಗೆ ಪೂರ್ತಿ ಹೊರಬಂದ. ಸುಣ್ಣ ಬರುವಾಗ ತನ್ನ ಜೊತೆ ಹಳೆಯ ಎಣ್ಣೆ ಜಿಡ್ಡನ್ನೂ ಹಪ್ಪಳದ ಹಾಗೆ ಎಬ್ಬಿಸಿಕೊಂಡು ಬಂದಿತ್ತು. ಕೆಳಗೆ ದನಗಳ ಸಾಲು, ನಡುವೆ ಬಿಲ್ಲು ಹಿಡಿದ ಯುವಕ, ಮೇಲೆ ಸ್ವರ್ಗ. ಮೀಸೆ ಇನ್ನೂ ಸರಿಯಾಗಿ ಮೂಡದ ಹುಡುಗನ ಮುಖ. ಅಜ್ಜಿ ಬಾಯಿಗೆ ಸೆರಗು ಒತ್ತಿಕೊಂಡಳು. “ಅಯ್ಯೋ, ಇಷ್ಟು ಎಳೇ ವಯಸ್ಸಾ?” ಎಂದಳು. ತನ್ನ ತಾತನ ತಾತ ಎಂದು ಜೀವಮಾನವೆಲ್ಲ ಕೈಮುಗಿದವನು ಮೊಮ್ಮಗನ ವಯಸ್ಸಿನವನಾಗಿ ನಿಂತಿದ್ದ.

ಅಷ್ಟರಲ್ಲಿ ಖಾದರ್ ಸಾಬರು, “ಸಾರ್, ಇಲ್ಲಿ ಅಕ್ಷರ ಅದಾವೆ” ಎಂದರು. ಎರಡು ಚಿತ್ರಪಟ್ಟಿಗಳ ನಡುವೆ ಎರಡು ಸಾಲು. ಓದಲು ಅವರಿಗೂ ಬಾರದು, ನನಗೂ ಬಾರದು. ಆದರೂ ಅವರು ಬೆರಳಾಡಿಸುತ್ತಲೇ ಇದ್ದರು. “ಬರದೋನ ಕೈ ನೋಡ್ರಿ. ಕಲ್ಲಿನ ಮ್ಯಾಗೆ ಒಂದ್ ಗೆರೆ ನಡುಗಿಲ್ಲ” ಎಂದರು. ಅವರ ದನಿಯೇ ಬೇರೆಯಾಗಿತ್ತು.

ನಾನು ಸೈಕಲ್ ತುಳಿದು ಹರಿಹರಕ್ಕೆ ಹೋಗಿ, ಹಿಂದೆ ನಮ್ಮನ್ನು ಕೊಡೆ ಎತ್ತಿ ಓಡಿಸುತ್ತಿದ್ದ ಪಂಡಿತರನ್ನೇ ಕ್ಯಾರಿಯರಿನ ಮೇಲೆ ಕೂರಿಸಿಕೊಂಡು ಬಂದೆ. ಅವರು ರಂಗೋಲಿ ಪುಡಿ ತರಿಸಿ ಅಕ್ಷರಗಳಿಗೆ ತುಂಬಿ, ಮಂಡಿಯೂರಿ ಒಂದು ಗಂಟೆ ಓದಿದರು. ಆಮೇಲೆ ನನ್ನನ್ನೂ ಸಾಬರನ್ನೂ ಮರದ ಆಚೆಗೆ ಕರೆದರು. ಇವನು ಈ ಊರಿನವನೇ ಅಲ್ಲವಂತೆ. ಎತ್ತಿನ ಮೇಲೆ ಹೇರು ಹಾಕಿಕೊಂಡು ವ್ಯಾಪಾರಕ್ಕೆ ಹೊರಟವರ ಜೊತೆ ದೂರದಿಂದ ಬಂದವನು. ಒಂದು ರಾತ್ರಿ ತಂಗಲು ಇಳಿದಿದ್ದಾಗ ದನಗಳ್ಳರು ಬಂದರು. ತನ್ನದಲ್ಲದ ದನಕ್ಕಾಗಿ ಕಾದಾಡಿ ಸತ್ತ. ಊರವರೆಲ್ಲ ಕೂಡಿ ಕಲ್ಲು ನಿಲ್ಲಿಸಿದರು. ಅವನ ಊರಿನ ಹೆಸರಿದ್ದ ಕಡೆ ಕಲ್ಲು ಸವೆದಿದೆ.

“ಅಂದ್ರೆ ಅಜ್ಜಿ ಮನೆತನದವನಲ್ಲ” ಎಂದೆ ನಾನು. ಮುಖಕ್ಕೆ ಸುಣ್ಣ ಬಳಿದದ್ದು ಸಾಲದೆಂದು ಈಗ ಅವರ ಹಿರಿಯನನ್ನೇ ಕಿತ್ತುಕೊಂಡ ಹಾಗಾಯಿತಲ್ಲ. ಇದ್ದದ್ದನ್ನು ಹೇಳಲೇಬೇಕು ಎಂದರು ಪಂಡಿತರು. “ಮದುವೆ ಮುಗೀಲಿ ಸ್ವಾಮಿ, ಆಮ್ಯಾಕೆ ಹೇಳಿದ್ರಾತು” ಎಂದರು ಸಾಬರು. ಅಷ್ಟು ಹೊತ್ತಿಗೆ ಅಜ್ಜಿಯೇ ಬಂದು ನಿಂತಿದ್ದಳು.

“ಏನ್ರಿ ಗುಸುಗುಸು? ನಮ್ಮಪ್ಪನ ವಿಷ್ಯ ನನಗೇ ಹೇಳಂಗಿಲ್ಲಾ?”

ಪಂಡಿತರು ಹೇಳಿದರು. ಅಜ್ಜಿ ಪೂರ್ತಿ ಕೇಳಿಸಿಕೊಂಡಳು. ಹೋಗಿ ಕಲ್ಲಿನ ಎದುರು ನಿಂತಳು. ಗೌರಿ ಅವಳ ಕೈ ಹಿಡಿದುಕೊಂಡಳು. ಊರಿನ ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

“ನಮ್ಮ ದನಕ್ಕೆ ಸತ್ತವ್ನು ನಮ್ಮವ್ನಲ್ದೆ ಇನ್ಯಾರವ್ನು?” ಎಂದಳು ಅಜ್ಜಿ. “ಗುರುವಾರ ಹಾಲು ತಯಾರು ಮಾಡ್ರಿ” ಎಂದು ಮನೆ ಕಡೆ ನಡೆದಳು.

ಮದುವೆಗೆ ನನಗೂ ಸಾಬರಿಗೂ ಕರೆ ಬಂತು. ಊಟವಾದ ಮೇಲೆ ಹೆಣ್ಣನ್ನು ಕಳಿಸುವ ಹೊತ್ತಿಗೆ ಎಲ್ಲರೂ ಬೇವಿನ ಮರದ ಕೆಳಗೆ ಸೇರಿದೆವು. ಗೌರಿ ಹಾಲು ಹೊಯ್ದಳು, ಪಾದಕ್ಕೆ ಹಣೆ ಮುಟ್ಟಿಸಿದಳು, ಆದರೆ ಏಳಲೇ ಇಲ್ಲ. ಕಲ್ಲನ್ನು ತಬ್ಬಿಕೊಂಡು, “ಅಲ್ಲಿ ನನಗೆ ಯಾರದಾರೆ ಅಜ್ಜಿ, ನಾ ಒಲ್ಲೆ” ಎಂದು ಅಳತೊಡಗಿದಳು. ಬೀಗರು ಮುಜುಗರದಿಂದ ಎತ್ತುಗಳ ಹಗ್ಗ ಸರಿಮಾಡತೊಡಗಿದರು. ಮದುಮಗ ಪಾಪ, ಬಾಸಿಂಗ ಕಟ್ಟಿಕೊಂಡು ನೆಲ ನೋಡುತ್ತಿದ್ದ.

ಅಜ್ಜಿ ಅವಳ ಪಕ್ಕದಲ್ಲಿ ಕುಳಿತು ತಲೆ ಸವರಿದಳು. “ಮಖ ನೋಡು ಅವಂದು. ಅವ್ನಿಗೆ ಇಲ್ಲಿ ಯಾರಿದ್ರು? ಎಲ್ಲಿಂದನೋ ಬಂದ. ನಮ್ಮೂರವ್ನು ಆಗ್ಲಿಲ್ವಾ? ಹೋಗವ್ವ, ನೀನೂ ಅಲ್ಲಿಯೋಳು ಆಗ್ತೀಯ.”

ಗೌರಿ ಆ ಎಳೆಯ ಮುಖವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಕಣ್ಣೊರೆಸಿಕೊಂಡು, ತಾನೇ ಎದ್ದು ಹೋಗಿ ಗಾಡಿ ಹತ್ತಿದಳು. ಗಾಡಿ ಹರಿಹರದ ಕಡೆ, ಹೊಳೆಯ ಕಡೆ ತಿರುಗಿತು. ಧೂಳು ಅಡಗುವ ತನಕ ಅಜ್ಜಿ ಹಣೆಗೆ ಕೈ ಅಡ್ಡ ಹಿಡಿದು ನಿಂತಿದ್ದಳು. ಆಮೇಲೆ ಕಲ್ಲಿನ ಬುಡದಲ್ಲಿ ಕುಸಿದು ಕುಳಿತಳು. ಜನ ಒಬ್ಬೊಬ್ಬರೇ ಚದುರಿದರು. ನಾನೂ ಸಾಬರೂ ಹೇಗೆ ಹೊರಡುವುದೆಂದು ತಿಳಿಯದೆ ಅಲ್ಲೇ ನಿಂತೆವು.

“ಸಾಬಣ್ಣ,” ಎಂದಳು ಅಜ್ಜಿ, ತಲೆಯೆತ್ತದೆ. “ಇವ್ನ ತಾಯಿಗೆ ಯಾರಾರ ಸುದ್ದಿ ಮುಟ್ಟಿಸಿರ್ತಾರಾ?”

ಎಷ್ಟು ನೂರು ವರ್ಷದ ಮಾತೋ ಅದು. ಖಾದರ್ ಸಾಬರು ಅಜ್ಜಿಯ ಎದುರು ಕುಕ್ಕರಗಾಲಲ್ಲಿ ಕುಳಿತರು.

“ಮುಟ್ಟಿಸಿರ್ತಾರವ್ವ” ಎಂದರು. “ಇಂಥಾ ಕಲ್ಲು ನಿಲ್ಸಿದ ಮಂದಿ, ತಾಯಿಗೆ ಹೇಳ್ದೆ ಇರ್ತಾರಾ?”

ಅಜ್ಜಿ ಹೌದೆನ್ನುವಂತೆ ತಲೆಯಾಡಿಸಿದಳು. ಸೆರಗಿನ ತುದಿಯಿಂದ ಮೊದಲು ಕಲ್ಲಪ್ಪನ ಮುಖದ ಮೇಲಿನ ಹಾಲು ಒರೆಸಿದಳು, ಆಮೇಲೆ ತನ್ನ ಕಣ್ಣು.